ಜಾತ್ರೆಯಿಂದ ಏನು ತಂದಿರಿ?

ಮುಂಬಯಿಯ ಕನ್ನಡ ಸಂಘಗಳ ಒಡನಾಟ ಇದ್ದವರಿಗೆ ‘ಸೊವೆನಿಯರ್’ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದರೆ ಒಂದು, ಐವತ್ತು ತುಂಬಿದರೆ ಇನ್ನೂ ದಪ್ಪನೆಯದೊಂದು. ಮೊದಲಿಗೆ ಮಂತ್ರಿಗಳ, ಸ್ವಾಮಿಗಳ ಶುಭಸಂದೇಶ. ನಡುವೆ ನಾಲ್ಕು ಲೇಖನ, ಎರಡು ಕವಿತೆ. ಉಳಿದದ್ದೆಲ್ಲ ಹೋಟೆಲಿನವರ, ಲಾರಿ ಕಂಪನಿಯವರ, ಬ್ಯಾಂಕಿನವರ ಜಾಹೀರಾತು. ನಾನು ಬ್ಯಾಂಕಿನಲ್ಲಿದ್ದಾಗ ಈ ಶಬ್ದ ಕಿವಿಗೆ ಬಿದ್ದರೆ ತಕ್ಷಣ ಕೇಳುತ್ತಿದ್ದುದು, “ಪೂರ್ತಿ ಪುಟಕ್ಕೆ ಎಷ್ಟು, ಅರ್ಧ ಪುಟಕ್ಕೆ ಎಷ್ಟು?” ಊರಲ್ಲಿರುವ ನೀವು ಇದನ್ನು ಸ್ಮರಣ ಸಂಚಿಕೆ ಎನ್ನುತ್ತೀರಿ. ಹೆಸರೇನೋ ಚೆನ್ನಾಗಿದೆ.

ಮೂಲದಲ್ಲಿ ಅದು ಫ್ರೆಂಚ್ ಶಬ್ದ, ನೆನೆಯುವುದು ಎಂದು ಅರ್ಥ. ಜಾತ್ರೆಗೆ, ಯಾತ್ರೆಗೆ ಹೋದವರು ನೆನಪಿಗೆ ಅಂತ ತರುವ ವಸ್ತುವಿಗೂ ಅದೇ ಹೆಸರು. ನಮ್ಮ ಧಾರವಾಡದ ಕಡೆ ಜಾತ್ರೆಯಿಂದ ಬಂದವರನ್ನು ಹುಡುಗರು ಬಾಗಿಲಲ್ಲೇ ನಿಲ್ಲಿಸಿ ಕೇಳುವುದು ಒಂದೇ ಮಾತು: “ಜಾತ್ರಿಯಿಂದ ಏನ್ ತಂದ್ರಿ?” ಬೆಂಡು-ಬತ್ತಾಸು ಎರಡು ದಿನಕ್ಕೆ ಮುಗಿಯುತ್ತದೆ, ಪೀಪಿ ನಾಲ್ಕು ದಿನಕ್ಕೆ ಒಡೆಯುತ್ತದೆ. ಆದ್ದರಿಂದ ಆ ಪ್ರಶ್ನೆಯೂ ಅಲ್ಲಿಗೇ ಮುಗಿಯುತ್ತದೆ. ಜಾತ್ರೆಯಿಂದ ತಂದ ಒಂದು ಕಾಗದ ನೂರಮೂವತ್ತು ವರ್ಷ ಉಳಿದು, ಯಾರದೋ ಕೈಯಿಂದ ಯಾರದೋ ಕೈಗೆ ದಾಟುತ್ತ ಹೋದರೆ ಅದೇ ಪ್ರಶ್ನೆಯ ತೂಕ ಬೇರೆಯಾಗುತ್ತದೆ. ಅಂಥ ಎರಡು ಕಾಗದ ಈಗ ನನ್ನ ಬೀರುವಿನಲ್ಲಿವೆ. ಅವು ಮನೆಯಲ್ಲೂ ತಲೆಯಲ್ಲೂ ಎಬ್ಬಿಸಿದ ತಕರಾರನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿವೃತ್ತಿಯ ಮೇಲೆ ತಿಂಗಳಿಗೊಮ್ಮೆಯಾದರೂ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗುವ ಚಟ ನನಗೆ. ಕೊಳ್ಳುವುದು ಕಡಿಮೆ, ನೋಡುವುದು ಹೆಚ್ಚು. ಗ್ರಾಮಫೋನು, ಹಡಗಿನ ಗಡಿಯಾರ, ಹಳೇ ಸಿನಿಮಾ ಪೋಸ್ಟರುಗಳ ನಡುವೆ ಒಂದು ಅಂಗಡಿಯಲ್ಲಿ ರಟ್ಟಿನ ಡಬ್ಬಿ ತುಂಬ ಬಿಡಿ ಕಾಗದ ಇಟ್ಟಿರುತ್ತಾರೆ. ಒಂದು ದಿನ ಅದರಲ್ಲಿ ಕೈಯಾಡಿಸುವಾಗ ನೋಟಿನಂಥ ಚೀಟಿಯೊಂದು ಬೆರಳಿಗೆ ತಾಗಿತು. ಇದು ಸಾದಾ ಕಾಗದವಲ್ಲ ಅಂತ ಆಗಲೇ ಗೊತ್ತಾಯಿತು. ನೋಟು ಎಣಿಸಿ ಸವೆದ ಬೆರಳುಗಳಿಗೆ ಅಷ್ಟು ತಿಳಿಯುತ್ತದೆ. ಕೂದಲೆಳೆಯಂಥ ಗೆರೆಗಳ ಹೆಣಿಗೆ, ನಡುವೆ ತಲೆಗೆ ಗರಿ ಸಿಕ್ಕಿಸಿಕೊಂಡವನ ಮುಖ. 1893ರ ಶಿಕಾಗೊ ವಿಶ್ವಮೇಳದ ಪ್ರವೇಶಪತ್ರ. ಅಚ್ಚು ಮಾಡಿದವರು ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ. ಅದರ ಕೆಳಗೇ ಯಾವುದೋ ಆಲ್ಬಮ್ಮಿನಿಂದ ಕಿತ್ತ ಹಾಳೆ, ಅದೇ ಮೇಳದ್ದು. ಒಬ್ಬ ತರುಣಿಯ ಛಾಯಾಚಿತ್ರ. ಕೆಳಗೆ ಅವಳ ದೇಶದ ಹೆಸರು ಇತ್ತು, ಅವಳ ಹೆಸರು ಇರಲಿಲ್ಲ. “ಪುರಾನಾ ಮಾಲ್ ಹೈ ಸಾಬ್, ದೋನೋ ಲೇ ಲೋ” ಅಂದ ಅಂಗಡಿಯವನು. ಎರಡನ್ನೂ ಕೊಂಡೆ.

ಮೊದಲು ಆ ಜಾತ್ರೆಯ ಬಗ್ಗೆ ಹೇಳಬೇಕು. ಕೊಲಂಬಸ್ ಅಮೆರಿಕದ ದಂಡೆ ಮುಟ್ಟಿ 400 ವರ್ಷವಾದ ನೆನಪಿಗೆ ಹೂಡಿದ ಮೇಳ ಅದು. 1492ಕ್ಕೆ 400 ಕೂಡಿಸಿದರೆ 1892 ಆಗಬೇಕು. ಸಿದ್ಧತೆ ಮುಗಿಯದೆ ಒಂದು ವರ್ಷ ತಡವಾಯಿತು. ಕಟ್ಟೋ ಕೆಲಸ ಎಲ್ಲ ಕಡೆ ಒಂದೇ ನೋಡಿ. 1893ರ ಮೇ 1ರಿಂದ ಅಕ್ಟೋಬರ್ 30ರವರೆಗೆ, ಮಿಶಿಗನ್ ಸರೋವರದ ದಂಡೆಯಲ್ಲಿ, 600ಕ್ಕೂ ಹೆಚ್ಚು ಎಕರೆಯಲ್ಲಿ ನಡೆಯಿತು. ಬಂದವರ ಲೆಕ್ಕ ಸುಮಾರು 2 ಕೋಟಿ 70 ಲಕ್ಷ. ಇವತ್ತು ನಮ್ಮ ಊರ ಜಾತ್ರೆಗಳಲ್ಲಿ ತಿರುಗುವ ಜಾಯಂಟ್ ವ್ಹೀಲ್ ಇದೆಯಲ್ಲ, ಅದರ ಮೂಲಪುರುಷ ಫೆರಿಸ್ ಚಕ್ರ ಎದ್ದು ನಿಂತದ್ದು ಅಲ್ಲಿಯೇ: 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ. ಆ ವರ್ಷವೇ ಅಮೆರಿಕದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಮುಳುಗಿದವು. ಮೇಳದ ಆವರಣದೊಳಗೇ ಶಾಖೆ ತೆರೆದಿದ್ದ ಕೆಮಿಕಲ್ ನ್ಯಾಶನಲ್ ಬ್ಯಾಂಕು ಮೇಳ ಶುರುವಾದ ಕೆಲವೇ ದಿನಗಳಲ್ಲಿ ಬಾಗಿಲು ಹಾಕಿತು. ಬೆಳ್ಳಗೆ ಹೊಳೆಯುತ್ತಿದ್ದ ಅರಮನೆಗಳು ಬಹುಪಾಲು ಗಾರೆ-ನಾರಿನ ತಾತ್ಕಾಲಿಕ ಕಟ್ಟಡಗಳು. 1894ರಲ್ಲಿ ಬಿದ್ದ ಬೆಂಕಿಗಳಲ್ಲಿ ಅವೂ ಹೋದವು. ಉಳಿದದ್ದು ಕಾಗದ, ನಾಣ್ಯ, ಚಮಚ, ಕರವಸ್ತ್ರ.

ನೆನಪನ್ನು ಹೀಗೆ ದೊಡ್ಡ ಪ್ರಮಾಣದಲ್ಲಿ ಮಾರಲು ಕಲಿತದ್ದು ಅಂಥ ಮೇಳಗಳಲ್ಲಿ. ಅಮೆರಿಕದ ಸರಕಾರ ತನ್ನ ಮೊಟ್ಟಮೊದಲ ಸ್ಮಾರಕ ನಾಣ್ಯವನ್ನು ಅದಕ್ಕಾಗಿಯೇ ಹೊರಡಿಸಿತು. ಕೊಲಂಬಸ್ಸನ ಮುಖದ ಅರ್ಧ ಡಾಲರು, ಮಾರಿದ್ದು ಒಂದು ಡಾಲರಿಗೆ. ಎಂಟಾಣೆಯನ್ನು ಒಂದು ರೂಪಾಯಿಗೆ ಮಾರಿದ ಹಾಗೆ! ಮೊದಲ ನಾಣ್ಯವನ್ನಂತೂ ರೆಮಿಂಗ್ಟನ್ ಟೈಪ್‌ರೈಟರ್ ಕಂಪನಿಯವರು 10,000 ಡಾಲರು ಕೊಟ್ಟು ಕೊಂಡರು. ಮಾರಾಟವಾಗದೆ ಮಿಕ್ಕ ಲಕ್ಷಾಂತರ ನಾಣ್ಯಗಳಲ್ಲಿ ಕೆಲವನ್ನು ಕರಗಿಸಿದರು, ಕೆಲವನ್ನು ಸಾದಾ ಅರ್ಧ ಡಾಲರಾಗಿ ಚಲಾವಣೆಗೆ ಬಿಟ್ಟರು. ನೆನಪಿನ ಬೆಲೆ ಇಳಿದು ಮುಖಬೆಲೆಗೆ ಬಂತು ಅನ್ನಿ. ಒಂದು ಸೆಂಟಿನ ತಾಮ್ರದ ಬಿಲ್ಲೆಯನ್ನು ಎರಡು ಉರುಳೆಗಳ ನಡುವೆ ಒತ್ತಿ, ಉದ್ದ ಮಾಡಿ, ಮೇಳದ ಹೆಸರು ಮೂಡಿಸಿ ಕೊಡುವ ಯಂತ್ರವೂ ಇತ್ತು. ಅಂಚೆ ಇಲಾಖೆ 1 ಸೆಂಟಿನಿಂದ 5 ಡಾಲರಿನವರೆಗೆ 16 ಬಗೆಯ ಅಂಚೆಚೀಟಿ ತಂದಿತು. ಅದರಲ್ಲೊಂದು ತಮಾಷೆ. 1 ಸೆಂಟಿನ ಚೀಟಿಯಲ್ಲಿ ದೂರದಿಂದ ನೆಲ ಕಾಣುತ್ತಿರುವ ಕೊಲಂಬಸ್ಸನಿಗೆ ಗಡ್ಡವಿಲ್ಲ. 2 ಸೆಂಟಿನ ಚೀಟಿಯಲ್ಲಿ ಅದೇ ನೆಲಕ್ಕೆ ಇಳಿಯುವಾಗ ತುಂಬು ಗಡ್ಡ! ರಾತ್ರಿ ಕಳೆಯುವುದರೊಳಗೆ ಬೆಳೆದ ಗಡ್ಡ. ಅಮೆರಿಕದಲ್ಲಿ ನೆನಪಿಗೆಂದೇ ಅಚ್ಚು ಮಾಡಿ ಮಾರಿದ ಮೊದಲ ಚಿತ್ರದ ಅಂಚೆ ಕಾರ್ಡುಗಳೂ ಆ ಮೇಳದವೇ. ಸ್ವಂತ ಕ್ಯಾಮೆರಾ ತಂದರೆ ದಿನಕ್ಕೆ 2 ಡಾಲರು ಪರವಾನಗಿ ಶುಲ್ಕ. ಒಳಗೆ ಹೋಗಲಿಕ್ಕೆ 50 ಸೆಂಟು. ನೋಡುವುದಕ್ಕಿಂತ ನೋಡಿದ್ದನ್ನು ಇಟ್ಟುಕೊಳ್ಳುವುದಕ್ಕೇ ನಾಲ್ಕು ಪಟ್ಟು.

ಟಿಕೆಟ್ಟಿಗೆ ಬರುತ್ತೇನೆ. ಖೋಟಾ ಟಿಕೆಟ್ಟು ಬರದಿರಲಿ ಅಂತ ನೋಟಿನ ಕಸುಬಿನವರಿಂದ ಅದನ್ನು ಮಾಡಿಸಿದರು. ಮೊದಲಿಗೆ ನಾಲ್ಕು ಮುಖಗಳು: ಕೊಲಂಬಸ್, ವಾಷಿಂಗ್ಟನ್, ಲಿಂಕನ್, ಮತ್ತೆ ಆ ಗರಿ ಸಿಕ್ಕಿಸಿಕೊಂಡವನು. ಮೂವರ ಹೆಸರು ಶಾಲೆಯ ಹುಡುಗರಿಗೂ ಗೊತ್ತು. ನಾಲ್ಕನೆಯವನನ್ನು ಇಂದಿಗೂ ಸಂಗ್ರಾಹಕರು ‘ಇಂಡಿಯನ್ ಚೀಫ್’ ಅಂತಷ್ಟೇ ಕರೆಯುತ್ತಾರೆ. ಕೊಲಂಬಸ್ಸನ ಭೂಗೋಳದ ತಪ್ಪಿನಿಂದ ಬಂದ ನಮ್ಮ ದೇಶದ ಹೆಸರು ಅವನಿಗೆ, ಅವನದೇ ಹೆಸರು ಅವನಿಗಿಲ್ಲ.

ಟಿಕೆಟ್ಟನ್ನು ಮನೆಯವಳು ನೋಡಿ “ಛಲೋ ಐತಿ” ಅಂದಳು. ಹಾಳೆಯನ್ನು ನೋಡಿ ಕನ್ನಡಕ ಸರಿಮಾಡಿಕೊಂಡಳು.

“ಇಕಿ ಯಾರ್ರೀ?”

“ಗೊತ್ತಿಲ್ಲ. ಹೆಸರು ಹಾಕಿಲ್ಲ.”

“ಹೆಸರು ಗೊತ್ತಿಲ್ಲದವರ ಫೋಟೋ ಮನ್ಯಾಗ ಯಾಕ? ಅಕಿಗೆ ಅಕಿ ಮನಿಯವರು ಯಾರೂ ಇದ್ದಿಲ್ಲೇನು?”

ನಮ್ಮ ಮನೆಗಳಲ್ಲಿ ಗೋಡೆಯ ಮೇಲೆ ಎರಡೇ ಬಗೆಯ ಪಟ. ದೇವರವು, ಇಲ್ಲವೇ ಹಾರ ಹಾಕಿದ ಹಿರಿಯರವು. ಎರಡಕ್ಕೂ ಹೆಸರಿದೆ, ಎರಡರ ಎದುರೂ ನಾವು ಕೈಮುಗಿಯುತ್ತೇವೆ. ಸಂಬಂಧವಿಲ್ಲದವರ ಮುಖ ಮನೆಯಲ್ಲಿ ಇಟ್ಟುಕೊಳ್ಳುವುದು ನಮ್ಮ ರೂಢಿಯಲ್ಲೇ ಇಲ್ಲ. ಅವಳು ಕೇಳಿದ್ದು ಎಷ್ಟು ಸಾದಾ ಪ್ರಶ್ನೆಯೋ ಅಷ್ಟು ಕಠಿಣವಾದದ್ದು. ದುಡ್ಡು ಕೊಟ್ಟೆ ಅನ್ನುವ ಒಂದೇ ಕಾರಣಕ್ಕೆ ಇನ್ನೊಬ್ಬರ ಮುಖವನ್ನು ನನ್ನ ನೆನಪಿನ ವಸ್ತು ಮಾಡಿಕೊಳ್ಳಲು ನನಗೆ ಹಕ್ಕಿದೆಯೇ?

ಮೇಳದ ಮುಖ್ಯ ಆವರಣದ ಪಕ್ಕದಲ್ಲಿ ಮಿಡ್‌ವೇ ಪ್ಲೇಸಾನ್ಸ್ ಅನ್ನುವ ಒಂದು ಉದ್ದನೆಯ ಪಟ್ಟಿ ಇತ್ತು. ಅರಮನೆಗಳಲ್ಲಿ ಯಂತ್ರ, ಕಲೆ. ಈ ಪಟ್ಟಿಯಲ್ಲಿ ಮನುಷ್ಯರು. ಜಾವಾದ ಹಳ್ಳಿ, ಕೈರೋದ ಬೀದಿ, ಪಶ್ಚಿಮ ಆಫ್ರಿಕದ ದಾಹೋಮಿಯ ಹಳ್ಳಿ. ಆಯಾ ದೇಶದವರನ್ನು ಕರೆಸಿ, ಗುಡಿಸಲು ಹಾಕಿಸಿ, ಅಡುಗೆ, ಕುಣಿತ, ಕಸೂತಿ ಮಾಡಿಸಿ ಜನ ನಿಂತು ನೋಡುವ ಹಾಗೆ ಏರ್ಪಾಟು. ಆಮೇಲೆ ಅವರ ಛಾಯಾಚಿತ್ರಗಳ ಆಲ್ಬಮ್ಮುಗಳು ಬಂದವು. 1894ರಲ್ಲಿ ಸೇಂಟ್ ಲೂಯಿಯಲ್ಲಿ ಅಚ್ಚಾದ ಒಂದಕ್ಕೆ ಹಾರ್ವರ್ಡಿನ ಮಾನವಶಾಸ್ತ್ರಜ್ಞ ಎಫ್. ಡಬ್ಲ್ಯು. ಪಟ್ನಮ್ ಮುನ್ನುಡಿ ಬರೆದರು. ಅದರ ಹೆಸರಿನಲ್ಲೇ ‘ಟೈಪ್ಸ್’ ಅನ್ನುವ ಶಬ್ದವಿದೆ, ಅಂದರೆ ಮಾದರಿಗಳು. ಕಾಳಿನ ವ್ಯಾಪಾರಿ ಅಂಗೈಯಲ್ಲಿ ನಾಲ್ಕು ಕಾಳು ಹಿಡಿದು ಚೀಲದ ಗುಣ ಹೇಳುತ್ತಾನಲ್ಲ, ಹಾಗೆ ಒಂದು ಮುಖ ತೋರಿಸಿ ಒಂದು ಜನಾಂಗದ ಗುಣ ಹೇಳುವುದು. ಕೆಲವರ ಹೆಸರು ಅದರಲ್ಲಿದೆ ಅನ್ನುವುದೂ ನಿಜ. ಆದರೆ ಮಾದರಿಗೆ ಹೆಸರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಗೆಳೆಯರೊಬ್ಬರಿಗೆ ಈ ಗೊಂದಲ ಹೇಳಿದೆ. ಅವರದು ಖಡಕ್ ಉತ್ತರ: “ಅವರಿಗೆ ಪಗಾರ ಕೊಟ್ಟಿದ್ದಾರೆ, ಕರಾರು ಮಾಡಿಕೊಂಡಿದ್ದಾರೆ. ನೀವು ದುಡ್ಡು ಕೊಟ್ಟು ಕೊಂಡಿದ್ದೀರಿ. ಹೋಲ್ಡರ್ ಇನ್ ಡ್ಯೂ ಕೋರ್ಸ್. ಮತ್ತೇನು?”

ಬ್ಯಾಂಕಿನವರಲ್ಲದವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 9ನೇ ಕಲಮು. ಒಂದು ಚೆಕ್ಕೋ ಹುಂಡಿಯೋ ನಾಲ್ಕು ಕೈ ದಾಟಿ ನಿಮ್ಮ ಕೈಗೆ ಬಂತು ಅನ್ನಿ. ಹಿಂದೆ ಯಾವನೋ ಅದನ್ನು ಮೋಸದಿಂದ ಪಡೆದಿರಬಹುದು. ಆದರೂ ನೀವು ಅದಕ್ಕೆ ಪ್ರತಿಫಲ ಕೊಟ್ಟಿದ್ದರೆ, ಗಡುವಿನೊಳಗೆ ಪಡೆದಿದ್ದರೆ, ಹಕ್ಕಿನಲ್ಲಿ ದೋಷವಿದೆ ಎಂದು ನಂಬಲು ನಿಮಗೆ ಸಾಕಷ್ಟು ಕಾರಣ ಇರದಿದ್ದರೆ, ಅದು ನಿಮ್ಮದೇ. ಹಿಂದಿನವನ ಪಾಪ ನಿಮಗೆ ಅಂಟದು. ವ್ಯಾಪಾರ ನಡೆಯಬೇಕಾದರೆ ಈ ನಿಯಮ ಬೇಕು, ಇಲ್ಲದಿದ್ದರೆ ಯಾರೂ ಯಾರಿಂದಲೂ ಚೆಕ್ಕು ತೆಗೆದುಕೊಳ್ಳಲಾರರು. ಪರೀಕ್ಷೆಗೆ ಓದಿದ ದಿನದಿಂದ ಈ ಕಲಮಿನ ಮೇಲೆ ನನಗೆ ಪ್ರೀತಿ. ಗೆಳೆಯರ ಮಾತು ಕೇಳಿ ಎರಡು ದಿನ ನೆಮ್ಮದಿಯೂ ಆಯಿತು.

ಆದರೆ ಕಲಮಿನ ಜೀವ ಇರುವುದು ಕೊನೆಯ ಷರತ್ತಿನಲ್ಲಿ. ದೋಷವಿದೆ ಎಂದು ನಂಬಲು ಕಾರಣ ಇರಬಾರದು. ನೋಟೀಸು ಮುಟ್ಟಿದ ಮೇಲೆ ಈ ರಕ್ಷಣೆ ಇಲ್ಲ.

1893ರಲ್ಲಿ ನೋಟೀಸು ಜಾರಿಯಾಗಿತ್ತೇ? ಆಗಿತ್ತು. ಅದೂ ಕಾಗದದ ಮೇಲೆ, ಆ ಮೇಳದಲ್ಲೇ, ಎರಡು ಸಲ.

ಮೊದಲನೆಯದು ನಿಜವಾಗಿ ಕಾಗದವಲ್ಲ, ಮರದ ತೊಗಟೆ. ಶಿಕಾಗೊ ನಿಂತಿರುವ ನೆಲ ಪೊಟವಾಟಮಿ ಜನರದು; 1833ರ ಒಪ್ಪಂದದಲ್ಲಿ ಅಲ್ಲಿ ಉಳಿದಿದ್ದ ಭೂಮಿಯೂ ಅವರ ಕೈಬಿಟ್ಟಿತು. ಅವರ ಮುಖಂಡ ಲಿಯೋಪೋಲ್ಡ್ ಪೊಕಾಗನ್ನನ ಮಗ ಸೈಮನ್ ಪೊಕಾಗನ್ ಒಂದು ಚಿಕ್ಕ ಪುಸ್ತಿಕೆ ಬರೆದು ಬರ್ಚ್ ಮರದ ತೊಗಟೆಯ ಮೇಲೆ ಅಚ್ಚು ಹಾಕಿಸಿದ. ನಮ್ಮವರು ಭೂರ್ಜಪತ್ರ ಅನ್ನುವುದು ಅದೇ ಜಾತಿಯ ಮರದ ತೊಗಟೆಗೆ. ಕಾಶ್ಮೀರದ ಹಳೆಯ ಗ್ರಂಥಗಳೆಲ್ಲ ಅದರ ಮೇಲೆಯೇ. ಪುಸ್ತಿಕೆಯ ಹೆಸರು ‘ದಿ ರೆಡ್ ಮ್ಯಾನ್ಸ್ ರಿಬ್ಯೂಕ್’, ಕೆಂಪು ಮನುಷ್ಯನ ಛೀಮಾರಿ. ನೀವು ಹಬ್ಬ ಮಾಡುತ್ತಿರುವುದು ನಮ್ಮ ಸೂತಕದ ದಿನ ಎಂಬುದು ಅದರ ಸಾರ. ಮುಂದೆ ಅದರ ಹೆಸರನ್ನೇ ಮೆತ್ತಗೆ ಮಾಡಿ ‘ಗ್ರೀಟಿಂಗ್’ ಎಂದು ಬದಲಾಯಿಸಿದರು. ಛೀಮಾರಿ ಹೋಗಿ ನಮಸ್ಕಾರವಾಯಿತು! ತೊಗಟೆಯ ಪುಸ್ತಿಕೆ ಅಂತ ಜನ ಅದನ್ನೂ ನೆನಪಿಗೆ ಕೊಂಡು ಮನೆಗೆ ಒಯ್ದರು. ಬೈಸಿಕೊಂಡದ್ದನ್ನೂ ಸೊವೆನಿಯರ್ ಮಾಡಿಕೊಳ್ಳುವ ಶಕ್ತಿ ಆ ಜಾತ್ರೆಗಿತ್ತು. ಅಕ್ಟೋಬರ್ 9ರಂದು ‘ಶಿಕಾಗೊ ದಿನ’ ಆಚರಿಸಿದಾಗ ಒಂದೇ ದಿನ 7 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಆ ದಿನ ಪೊಕಾಗನ್ನನನ್ನೂ ಕರೆಸಿ ಮಾತನಾಡಿಸಿದರು.

ಎರಡನೆಯದು 81 ಪುಟದ ಪುಸ್ತಿಕೆ. ಕರಿಯ ಅಮೆರಿಕನ್ನರು ಈ ವಿಶ್ವಮೇಳದಲ್ಲಿ ಏಕಿಲ್ಲ ಎಂಬುದಕ್ಕೆ ಕಾರಣ ಹೇಳುತ್ತೇವೆ ಅನ್ನುವ ಅರ್ಥದ ತಲೆಬರಹ. ತಂದವರು ಪತ್ರಕರ್ತೆ ಐಡಾ ಬಿ. ವೆಲ್ಸ್, ಜೊತೆಗೆ ಬರೆದವರು ಫ್ರೆಡರಿಕ್ ಡಗ್ಲಸ್, ಐ. ಗಾರ್ಲಂಡ್ ಪೆನ್, ಫರ್ಡಿನೆಂಡ್ ಬಾರ್ನೆಟ್. ಗುಲಾಮಗಿರಿ ಕಾನೂನಿನಿಂದ ಹೋಗಿ ಆಗ 28 ವರ್ಷ. ಗುಲಾಮನಾಗಿ ಹುಟ್ಟಿ ಓಡಿಬಂದ ಡಗ್ಲಸ್ಸರಿಗೆ ತಮ್ಮ ದೇಶದ ಪರವಾಗಿ ಆ ಮೇಳದಲ್ಲಿ ಜಾಗವಿರಲಿಲ್ಲ; ಹೈಟಿ ಎಂಬ ಪುಟ್ಟ ಕರಿಯರ ಗಣರಾಜ್ಯ ಅವರನ್ನು ತನ್ನ ಪ್ರತಿನಿಧಿ ಮಾಡಿಕೊಂಡು ತನ್ನ ಮಂಟಪದಲ್ಲಿ ಕೂರಿಸಿತು. ವೆಲ್ಸ್ ಆ ಮಂಟಪದಲ್ಲಿ ಕೂತು ಪುಸ್ತಿಕೆ ಹಂಚಿದರು. ಅವರ ಲೆಕ್ಕದಲ್ಲಿ 10,000 ಪ್ರತಿ. ಪರದೇಶದವರೂ ಓದಲಿ ಎಂದು ಮುನ್ನುಡಿಯನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರರಲ್ಲೂ ಹಾಕಿದ್ದರು. ದಾಹೋಮಿಯವರನ್ನು ಅಲ್ಲಿ ತಂದು ಕೂರಿಸಿದ್ದು ಕರಿಯರೆಂದರೆ ಕಾಡುಜನ ಎಂದು ತೋರಿಸುವುದಕ್ಕೇ ಅಂತ ಡಗ್ಲಸ್ ಅದರಲ್ಲಿ ನೇರವಾಗಿ ಬರೆದಿದ್ದಾರೆ. (ದಾಹೋಮಿಯವರ ಬಗ್ಗೆ ಅವರಿಗೂ ಅಂಥ ಗೌರವವೇನೂ ಇದ್ದಂತೆ ಕಾಣುವುದಿಲ್ಲ. ಅದೂ ಗಮನಿಸಬೇಕಾದದ್ದೇ.)

ಅಂದಮೇಲೆ 1893ರಲ್ಲಿ ಒಂದು ಕೈಯಲ್ಲಿ ಆಲ್ಬಮ್ಮು ಹಿಡಿದವನ ಇನ್ನೊಂದು ಕೈಗೆ ಈ ಪುಸ್ತಿಕೆ ಸಿಗುವ ಹಾಗಿತ್ತು. ನನಗಂತೂ ಎರಡೂ ಗೊತ್ತು. ಹಾಗಾಗಿ 9ನೇ ಕಲಮಿನ ನೆರಳಿನಲ್ಲಿ ನಾನು ನಿಲ್ಲಲಾರೆ.

ಗೆಳೆಯರ ಮೊದಲ ವಾದ, ಪಗಾರ ಮತ್ತು ಕರಾರಿನದು, ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಅಲ್ಲಿ ಬಂದವರೆಲ್ಲ ಕೈಕಾಲು ಕಟ್ಟಿ ತಂದವರಲ್ಲ. ಲ್ಯಾಬ್ರಡಾರಿನಿಂದ ಬಂದ ಇನುಯಿಟ್ ಕುಟುಂಬಗಳಿಗೆ ಬಿಸಿಲು ಬಂದಮೇಲೂ ತುಪ್ಪಳದ ಅಂಗಿ ತೊಟ್ಟೇ ಇರಬೇಕೆಂದು ತಾಕೀತು ಮಾಡಿದಾಗ ಅವರು ಜಗಳವಾಡಿ, ಕೋರ್ಟಿಗೆ ಹೋಗಿ, ಹೊರಬಿದ್ದು, ಮೇಳದ ಗೇಟಿನಾಚೆ ತಮ್ಮದೇ ಪ್ರದರ್ಶನ ಹಾಕಿದರು. ತೋರಿಸುವುದಾದರೆ ನಮ್ಮನ್ನು ನಾವೇ ತೋರಿಸುತ್ತೇವೆ, ದುಡ್ಡೂ ನಮಗೇ ಬರಲಿ. ಇದು ನನಗೆ ಬಹಳ ಹಿಡಿಸಿತು. ಆದರೆ ಎಲ್ಲ ಕರಾರೂ ಕರಾರಲ್ಲ. ಅದಕ್ಕೆ ಏಳು ವರ್ಷ ಮೊದಲು, 1886ರಲ್ಲಿ, ಲಂಡನ್ನಿನ ಕಲೋನಿಯಲ್ ಅಂಡ್ ಇಂಡಿಯನ್ ಎಕ್ಸಿಬಿಷನ್ನಿನಲ್ಲಿ ನಮ್ಮ ದೇಶದ ನೇಕಾರರು, ಕುಂಬಾರರು ಕೂತು ಕೆಲಸ ಮಾಡಿ ತೋರಿಸುತ್ತಿದ್ದರು. ವಂಶಪಾರಂಪರ್ಯದ ಕಸುಬುದಾರರು ಅಂತ ಜನ ಮೆಚ್ಚಿದರು. ಅವರನ್ನು ಕರೆತಂದದ್ದು ಆಗ್ರಾದ ಜೈಲಿನಿಂದ, ಜೈಲಿನ ಮೇಲ್ವಿಚಾರಕರ ಉಸ್ತುವಾರಿಯಲ್ಲಿ. ವಿಕ್ಟೋರಿಯಾ ರಾಣಿ ರುಡಾಲ್ಫ್ ಸ್ವೊಬೋಡಾ ಎಂಬ ಚಿತ್ರಕಾರನಿಂದ ಅವರಲ್ಲಿ ಕೆಲವರ ಭಾವಚಿತ್ರ ಬರೆಯಿಸಿದಳು. ಬಕ್ಷಿರಾಮ್ ಎಂಬ ಕುಂಬಾರ, ವಯಸ್ಸು 102 ಎಂದು ದಾಖಲೆ. ಆ ಚಿತ್ರಗಳು ಆಸ್ಬೋರ್ನ್ ಹೌಸಿನಲ್ಲಿವೆ, ಹೆಸರುಗಳ ಸಮೇತ. ಹೆಸರು ಉಳಿಯಿತು ನಿಜ. ಆದರೆ ಜೈಲಿನವನ ಒಪ್ಪಿಗೆ ಎಂಥ ಒಪ್ಪಿಗೆ?

ಹಾಗಾದರೆ ಹಾಳೆಯನ್ನು ಏನು ಮಾಡುವುದು? ಸುಡಬಹುದಿತ್ತು. ಸುಟ್ಟರೆ ಅವಳು ಅಲ್ಲಿದ್ದಳು ಅನ್ನುವುದಕ್ಕೆ ಇದ್ದ ಒಂದು ಸಾಕ್ಷಿಯೂ ಕಡಿಮೆಯಾಗುತ್ತದೆ. ಮರಳಿಸೋಣವೆಂದರೆ ಯಾರಿಗೆ? ಮಾರಿದರೆ ಮತ್ತೆ ಅದೇ ಸರಪಳಿ. ಕೊನೆಗೆ ದಾರಿ ತೋರಿಸಿದ್ದು ನಮ್ಮ ಕಸುಬೇ. ಹಿಂದೆ ಬ್ಯಾಂಕುಗಳಲ್ಲಿ ಸೇಫ್ ಕಸ್ಟಡಿ ಅಂತ ಒಂದು ಸೇವೆ ಹೆಚ್ಚು ನಡೆಯುತ್ತಿತ್ತು. ಗಿರಾಕಿಗಳು ಅರಗಿನ ಮುದ್ರೆ ಒತ್ತಿದ ಪೆಟ್ಟಿಗೆ ತಂದು ಇಟ್ಟು ರಸೀತಿ ಪಡೆದು ಹೋಗುತ್ತಿದ್ದರು. ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಹಾಗೆ ಇಟ್ಟ ತಗಡಿನ ಪೆಟ್ಟಿಗೆಯೊಂದು ಎಷ್ಟೋ ವರ್ಷಗಳಿಂದ ಇತ್ತು. ಇಟ್ಟವರು ಬರಲಿಲ್ಲ, ವಾರಸುದಾರರೂ ಬರಲಿಲ್ಲ. ಪ್ರತಿವರ್ಷ ತಪಾಸಣೆಯಲ್ಲಿ ಅದನ್ನು ಹೊರಗೆ ತೆಗೆದು, ಮುದ್ರೆ ನೋಡಿ, ದೂಳು ಒರೆಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಳಗಿಡುತ್ತಿದ್ದೆವು. ಅದು ನಮ್ಮದು ಅಂತ ಯಾರಿಗೂ ಅನ್ನಿಸಲಿಲ್ಲ. ನಮ್ಮದಲ್ಲವಲ್ಲ ಅಂತ ಎಸೆಯುವ ಮನಸ್ಸೂ ಬರಲಿಲ್ಲ.

ಆ ಲೆಕ್ಕದಲ್ಲಿ ಹಾಳೆಯನ್ನು ದಪ್ಪ ಲಕೋಟೆಯಲ್ಲಿ ಹಾಕಿ, ಎಲ್ಲಿ ಯಾವಾಗ ಸಿಕ್ಕಿತು ಎಂದು ಬರೆದು, ವೆಲ್ಸ್ ಅವರ ಪುಸ್ತಿಕೆಯ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಅದರ ಜೊತೆಗೇ ಇಟ್ಟಿದ್ದೇನೆ. ಮುಂದೆ ಯಾರ ಕೈಗೆ ಹೋದರೂ ನೋಟೀಸು ಜೊತೆಗೇ ಹೋಗಲಿ. ಮನೆಯವಳು ಒಪ್ಪಿದಳು. “ಹಂಗಾದ್ರ ಇರ್ಲಿ. ಗ್ವಾಡಿಗೆ ಮಾತ್ರ ಬ್ಯಾಡ.”

ಇದೆಲ್ಲ ಯಾವುದೋ ದೇಶದ, ಯಾವುದೋ ಕಾಲದ ಮಾತು ಅಂತ ನಿಮಗೆ ಅನ್ನಿಸಬಹುದು. ಹೊರನಾಡಿನಲ್ಲಿ ಇದ್ದವರಿಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ದಶಕಗಟ್ಟಲೆ ನಾವೆಲ್ಲ ‘ಮದ್ರಾಸಿ’ಗಳಾಗಿದ್ದೆವು, ಬೀದರಿನವನೂ ಮದ್ರಾಸಿ, ಕಾರವಾರದವನೂ ಮದ್ರಾಸಿ. ನಮ್ಮ ಕಟ್ಟಡದಲ್ಲಿ ಗದಗಿನ ಕಡೆಯ ಒಬ್ಬ ಶಿಕ್ಷಕಿ ಇದ್ದಾರೆ, ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕೆಲವು ವರ್ಷಗಳ ಹಿಂದೆ ಉಪನಗರದ ಮೈದಾನವೊಂದರಲ್ಲಿ ಎಲ್ಲ ರಾಜ್ಯಗಳ ಸಂಸ್ಕೃತಿ ಮೇಳ ನಡೆಯಿತು. ಕನ್ನಡದವರ ಮಳಿಗೆಯಲ್ಲಿ ಇವರು ಇಳಕಲ್ ಸೀರೆ ಉಟ್ಟು ಜೋಳದ ರೊಟ್ಟಿ ಬಡಿದರು. ಬಂದವರೆಲ್ಲ ಫೋಟೋ ತೆಗೆದದ್ದೇ ತೆಗೆದದ್ದು. ಆಮೇಲೆ ಸಂಘಟಕರು ಹೊರತಂದ ಸೊವೆನಿಯರಿನಲ್ಲಿ ಅವರ ದೊಡ್ಡ ಫೋಟೋ ಬಂತು. ಕೆಳಗೆ, ‘ಕರ್ನಾಟಕದ ಗ್ರಾಮೀಣ ಮಹಿಳೆ’.

ಅವರು ಮೊದಲು ಹೊಟ್ಟೆ ತುಂಬ ನಕ್ಕರು. “ನಾ ಹಳ್ಳ್ಯಾಗ ಒಂದು ದಿನಾನೂ ಇದ್ದಾಕಿ ಅಲ್ರೀ. ರೊಟ್ಟಿ ಬಡಿಯೂದು ಕಲ್ತದ್ದೂ ಈ ಮುಂಬೈಕ್ ಬಂದ ಮ್ಯಾಲೆ!” ಸ್ವಲ್ಪ ಹೊತ್ತು ಬಿಟ್ಟು, ನಗು ನಿಂತ ಮೇಲೆ, “ಒಂದು ಹೆಸರು ಹಾಕಿದ್ರ ಅವರ ಗಂಟೇನ್ ಹೋಗತಿತ್ತು?” ಅಂದರು. ಸಂಚಿಕೆಯನ್ನು ಅವರು ಎಸೆದಿಲ್ಲ. ಫೋಟೋದ ಕೆಳಗೆ ಪೆನ್ನಿನಿಂದ ತಮ್ಮ ಹೆಸರು ಬರೆದುಕೊಂಡು ಇಟ್ಟುಕೊಂಡಿದ್ದಾರೆ.

ಇದು ಒಂದೇ ದಿಕ್ಕಿನಿಂದ ಬರುವ ತೊಂದರೆಯೂ ಅಲ್ಲ. ಈ ಊರಿನ ಹೌಸಿಂಗ್ ಸೊಸೈಟಿಗಳಲ್ಲಿ ನೇಪಾಳದಿಂದ ಬಂದ ಕಾವಲುಗಾರ ಯಾರೇ ಇರಲಿ, ಅವನ ಹೆಸರು ಬಹಾದ್ದೂರ್. ಅವನು ಬಿಟ್ಟುಹೋಗಿ ಬೇರೆಯವನು ಬಂದರೆ ಅವನೂ ಬಹಾದ್ದೂರ್.

ಮೇಳದ ಕಾಲದ ಒಂದು ಅಚ್ಚಿನ ಚಿತ್ರ ನಿಮ್ಮ ಮನೆಯಲ್ಲೂ ಇರಬಹುದು. ಕೈಕಟ್ಟಿ, ಪೇಟ ಸುತ್ತಿ ನಿಂತ ವಿವೇಕಾನಂದರ ಚಿತ್ರ. ಸರ್ವಧರ್ಮ ಸಮ್ಮೇಳನ ಆ ವಿಶ್ವಮೇಳದ ಅಂಗವಾಗಿ 1893ರ ಸೆಪ್ಟೆಂಬರ್ 11ರಂದು ಶುರುವಾದದ್ದು. ಆ ತಿಂಗಳು ಥಾಮಸ್ ಹ್ಯಾರಿಸನ್ ಎಂಬುವರ ಸ್ಟುಡಿಯೋದಲ್ಲಿ ತೆಗೆದ ಫೋಟೋಗಳಲ್ಲಿ ಒಂದನ್ನು ಹಿಡಿದು ಶಿಕಾಗೊದ ಗೋಸ್ ಲಿಥೋಗ್ರಾಫಿಂಗ್ ಕಂಪನಿಯವರು ಬಣ್ಣದ ಪೋಸ್ಟರು ಅಚ್ಚು ಹಾಕಿದರು. ಅದಕ್ಕೆ ಸುಮಾರು ಒಂದು ವರ್ಷ ಮೊದಲು, 1892ರ ಅಕ್ಟೋಬರಿನಲ್ಲಿ, ಸ್ವಾಮಿಗಳು ಬೆಳಗಾವಿಯಲ್ಲಿದ್ದಾಗ ತೆಗೆದ ಫೋಟೋವೂ ಇದೆ. ನಮ್ಮ ಗೋಡೆಗಳ ಮೇಲೆ ಬಂದದ್ದು ಮಾತ್ರ ಬೆಳಗಾವಿಯದಲ್ಲ, ಶಿಕಾಗೊದ್ದು. ಆ ಚಿತ್ರದ ಬಗ್ಗೆ ಯಾರಿಗೂ ತಕರಾರಿಲ್ಲ, ನನಗೂ ಇಲ್ಲ. ಅವರು ತಾವೇ ನಿಂತರು, ತಮ್ಮ ಹೆಸರಿನಲ್ಲೇ ಮಾತನಾಡಿದರು, ಫೋಟೋಗಳ ಮೇಲೆ ತಾವೇ ಸಹಿ ಹಾಕಿ ಕೊಟ್ಟರು. ಜಾತ್ರೆ ಅವರನ್ನು ‘ಟೈಪ್’ ಮಾಡಲಿಕ್ಕೆ ಆಗಲಿಲ್ಲ.

ನನ್ನನ್ನು ಕಾಡುವವನು ಇನ್ನೊಬ್ಬ. ಸಮ್ಮೇಳನಕ್ಕೆ ಮುಂಚೆ, ಆ ವರ್ಷದ ಆಗಸ್ಟ್ 20ರಂದು, ವಿವೇಕಾನಂದರು ಮದ್ರಾಸಿಗೆ ಅಳಸಿಂಗ ಪೆರುಮಾಳರಿಗೆ ಒಂದು ಪತ್ರ ಬರೆದರು. ಅಳಸಿಂಗರು ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದ್ರಾಸಿನಲ್ಲಿ ಮೇಷ್ಟರಾಗಿದ್ದವರು, ಅಂದರೆ ನಮ್ಮ ಹಾಗೆ ಹೊರನಾಡಿನವರೇ; ಮನೆಮನೆ ತಿರುಗಿ ವಂತಿಗೆ ಎತ್ತಿ ಸ್ವಾಮಿಗಳನ್ನು ಅಮೆರಿಕಕ್ಕೆ ಕಳಿಸಿದವರಲ್ಲಿ ಮುಖ್ಯರು. ಮೇಳ ನೋಡಲು ಹೋದಾಗಿನ ಒಂದು ಪ್ರಸಂಗ ಆ ಪತ್ರದಲ್ಲಿದೆ. ಕಪೂರ್ತಲಾದ ರಾಜ ಅಲ್ಲಿ ಬಂದಿದ್ದ, ಶಿಕಾಗೊದ ಶ್ರೀಮಂತರು ಅವನನ್ನು ಮೆರೆಸುತ್ತಿದ್ದರು. ಅದೇ ಮೇಳದಲ್ಲಿ ಧೋತರ ಉಟ್ಟ ಒಬ್ಬ ಮರಾಠಿ ಬ್ರಾಹ್ಮಣ ಉಗುರಿನಿಂದ ಮಾಡಿದ ಚಿತ್ರಗಳನ್ನು ಮಾರುತ್ತ ಕೂತಿದ್ದ. ಸ್ವಲ್ಪ ತಿಕ್ಕಲ ಮನುಷ್ಯ ಎಂದು ಸ್ವಾಮಿಗಳ ಅಭಿಪ್ರಾಯ. ಅವನು ಪತ್ರಿಕೆಯವರ ಮುಂದೆ ರಾಜನ ಬಗ್ಗೆ, ಈ ರಾಜರೆಲ್ಲ ಗುಲಾಮರು ಅನ್ನುವ ಧಾಟಿಯಲ್ಲಿ, ಮನಸ್ಸಿಗೆ ಬಂದದ್ದೆಲ್ಲ ಹೇಳಿದ. ಮರುದಿನ ಪತ್ರಿಕೆಗಳಲ್ಲಿ ಅದು ಅಚ್ಚಾಯಿತು. ಆದರೆ ಅವನ ಮಾತಾಗಿ ಅಲ್ಲ. ಭಾರತದಿಂದ ಬಂದ ಜ್ಞಾನಿಯೊಬ್ಬ, ಅಂದರೆ ವಿವೇಕಾನಂದರು, ಹೇಳಿದ ಮಾತು ಎಂದು ಕಾಲಮ್ಮುಗಟ್ಟಲೆ ಬಂತು.

ಮುಂಬಯಿಯಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಆ ಮನುಷ್ಯ ಗುರುತಿನವನೇ ಅನ್ನಿಸುತ್ತಾನೆ. ಪುಣೆಯ ಪೇಟೆಗಳಲ್ಲಿ, ದಾದರಿನ ಕಟ್ಟೆಗಳ ಮೇಲೆ ಅಂಥ ಕಡಕ್ ಮಾತಿನವರು ಈಗಲೂ ಸಿಗುತ್ತಾರೆ. ಸಮುದ್ರ ದಾಟಿ, ಆ ಚಳಿಗಾಳಿಯ ಊರಿಗೆ ಹೋಗಿ, ಧೋತರ ಬಿಡದೆ, ಉಗುರನ್ನೇ ಬಂಡವಾಳ ಮಾಡಿಕೊಂಡು ಕೂತವನು. ಅವನು ಪ್ರದರ್ಶನದ ವಸ್ತುವೋ, ಪ್ರದರ್ಶನಕಾರನೋ, ವ್ಯಾಪಾರಿಯೋ? ಜನ ಕೊಂಡದ್ದು ಚಿತ್ರವನ್ನೋ, ಧೋತರ ಉಟ್ಟವನ ಕೈಯಿಂದ ಕೊಂಡೆ ಅನ್ನುವ ಹೆಮ್ಮೆಯನ್ನೋ? ಪತ್ರದಲ್ಲಿ ಅವನ ಹೆಸರಿಲ್ಲ. ಮಾತಾದರೂ ಅವನದಾಗಿ ಉಳಿಯಬೇಕಿತ್ತು. ಅದೂ ಬೇರೆಯವರ ಖಾತೆಗೆ ಜಮಾ ಆಯಿತು.

ಉಳಿದಿದ್ದರೆ ಚಿತ್ರಗಳು ಉಳಿದಿರಬೇಕು. ನಖಚಿತ್ರಕ್ಕೆ ಮಸಿ ಬೇಡ, ಬಣ್ಣ ಬೇಡ. ಬಿಳಿ ಹಾಳೆಯನ್ನು ಉಗುರಿನಿಂದ ಒತ್ತಿ, ಉಬ್ಬಿಸಿ ಮಾಡುವ ಕೆಲಸ ಅದು. ನೇರವಾಗಿ ನೋಡಿದರೆ ಖಾಲಿ ಕಾಗದ; ಬೆಳಕಿಗೆ ಓರೆ ಹಿಡಿದರೆ ಮೂಗು, ಕಣ್ಣು, ನವಿಲು, ಬಳ್ಳಿ ಒಂದೊಂದೇ ಎದ್ದು ಬರುತ್ತವೆ. ನನ್ನ ಅಣ್ಣನ ಮಗ ಶಿಕಾಗೊ ಹತ್ತಿರ ಕೆಲಸದಲ್ಲಿದ್ದಾನೆ. ಅಲ್ಲಿನ ಹಳೇ ಸಾಮಾನಿನ ಅಂಗಡಿಗೆ ಹೋದಾಗ ಮೇಳದ ಕಾಗದಗಳ ನಡುವೆ ಬರೀ ಖಾಲಿ ಹಾಳೆ ಕಂಡರೆ ಕಿಟಕಿಯ ಹತ್ತಿರ ಒಯ್ದು ಓರೆ ಮಾಡಿ ನೋಡು, ಏನಾದರೂ ಕಂಡರೆ ಕೇಳಿದಷ್ಟು ಕೊಟ್ಟು ತಗೋ ಅಂತ ಫೋನಿನಲ್ಲಿ ಹೇಳಿದ್ದೇನೆ. “ಖಾಲಿ ಹಾಳಿಗೆ ಯಾರು ರೊಕ್ಕ ಕೊಡ್ತಾರ, ಕಾಕಾ?” ಅಂದ ಅವನು. ನೋಡುತ್ತೇನೆ ಅಂತಲೂ ಅಂದಿದ್ದಾನೆ.